ಗದ್ದುಗೆಯ ನುಡಿ, ಮನೆಯ ನುಡಿ

ಲಿಪಿಯೂ ಗ್ರಂಥಗಳೂ ರಾಜಾಶ್ರಯವೂ ಇದ್ದ ಮೇಲೆ ಭಾಷೆಗೆ ಅಳಿವಿಲ್ಲವೆಂಬುದು ಓದುಬರಹ ಬಲ್ಲವರಲ್ಲಿ ಬೇರೂರಿದ ನಂಬಿಕೆ. ಸಂಸ್ಕೃತವನ್ನೋದಿದ ನಮಗೂ ಬಹುಕಾಲ ಹಾಗೆಯೇ ತೋರಿದ್ದುಂಟು. ಆದರೆ ದೂರದ ಮಂಚು ನುಡಿಯನ್ನೂ ನಮ್ಮ ನಾಡಿನದೇ ಆದ ಕೊಡವ ನುಡಿಯನ್ನೂ ಜೊತೆಯಲ್ಲಿಟ್ಟು ನೋಡಿದರೆ ಈ ನಂಬಿಕೆ ನಿಲ್ಲದು.

ಮಂಚುಗಳು ಚೀನಾದ ಈಶಾನ್ಯ ಸೀಮೆಯವರು. ಅವರ ದೊರೆ ನೂರ್ಹಾಚಿಯು 1599ರಲ್ಲಿ ಮಂಗೋಲ ಲಿಪಿಯನ್ನು ಅಳವಡಿಸಿ ತನ್ನ ಜನರ ನುಡಿಗೆ ಬರವಣಿಗೆಯನ್ನು ಕಲ್ಪಿಸಿದನು. 1644ರಲ್ಲಿ ಬೀಜಿಂಗ್ ನಗರವು ಅವರ ವಶವಾಯಿತು. ಕಡೆಯ ಚಕ್ರವರ್ತಿಯು 1912ರಲ್ಲಿ ಗದ್ದುಗೆ ಬಿಡುವವರೆಗೂ ಚಿಂಗ್ ವಂಶವೆಂಬ ಹೆಸರಿನಿಂದ ಅವರೇ ಆಳಿದರು. ರಾಜಪತ್ರಗಳು, ನಿಘಂಟುಗಳು, ಚೀನೀ ಗ್ರಂಥಗಳ ಭಾಷಾಂತರಗಳು ಮಂಚು ಭಾಷೆಯಲ್ಲಿ ರಾಶಿರಾಶಿಯಾಗಿ ಹುಟ್ಟಿದುವು. ಆದರೆ ಆಳುವವರು ಸ್ವಲ್ಪ ಮಂದಿ, ಪ್ರಜೆಗಳು ಕೋಟ್ಯಂತರ. ಪೇಟೆಯಲ್ಲಿ ಬೇಕಾದ ಚೀನೀ ನುಡಿಯು ಕ್ರಮೇಣ ಮಂಚುಗಳ ಮನೆಯೊಳಕ್ಕೂ ಬಂದಿತು. 18ನೆಯ ಶತಮಾನದಲ್ಲಿಯೇ ಚಿಯೆನ್‌ಲುಂಗ್ ಚಕ್ರವರ್ತಿಯು, ಸ್ವಭಾಷೆ ಬಾರದ ಮಂಚು ಅಧಿಕಾರಿಗಳನ್ನು ಗದರಿಸಬೇಕಾಯಿತು. 2010ರ ಗಣತಿಯಲ್ಲಿ ಮಂಚುಗಳೆಂದು ಬರೆಸಿದವರು ಒಂದು ಕೋಟಿಗೂ ಮಿಕ್ಕಿದ್ದರು. ತಾಯ ಬಾಯಿಂದ ಕಲಿತು ಆ ನುಡಿಯನ್ನಾಡಬಲ್ಲವರೋ ಬೆರಳೆಣಿಕೆಯ ವೃದ್ಧರು ಮಾತ್ರ. ಅದೇ ನುಡಿಗೆ ಅತಿ ಸಮೀಪವಾದ ಶಿಬೆ ನುಡಿಯ ಗತಿ ಬೇರೆಯಾಯಿತು. 1764ರಲ್ಲಿ ಪಶ್ಚಿಮದ ಗಡಿಕಾವಲಿಗೆಂದು ಹೊರಟ ಶಿಬೆ ಕುಟುಂಬಗಳು ಒಟ್ಟಿಗೆ ನೆಲಸಿ ಮನೆಯಲ್ಲಿ ಅದನ್ನೇ ಆಡುತ್ತಿದ್ದ ಕಾರಣ, ಅಲ್ಲಿ ಇಂದಿಗೂ ಸಾವಿರಾರು ಮಂದಿ ಅದನ್ನಾಡುತ್ತಾರೆ.

ಇನ್ನು ನಮ್ಮ ಕೊಡಗಿಗೆ ಬರೋಣ. ಕೊಡವ ತಕ್ಕಿಗೆ ಗದ್ದುಗೆಯೇ ದೊರೆಯಲಿಲ್ಲ. ಆ ನಾಡನ್ನಾಳಿದ ಹಾಲೇರಿಯ ಅರಸರ ಆಸ್ಥಾನದ ಬರಹವು ಕನ್ನಡವಾಗಿದ್ದಿತು. ಕೊಡವ ನುಡಿಯನ್ನು ಬರೆಯುವುದೂ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ. ಹರದಾಸ ಅಪ್ಪಚ್ಚ ಕವಿಯ ನಾಟಕಗಳೂ, ನಡಿಕೇರಿಯಂಡ ಚಿಣ್ಣಪ್ಪನವರು ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯೂ ಬಂದುದು 20ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಮದುವೆಯಲ್ಲಿ, ಸಾವಿನಲ್ಲಿ, ಪುತ್ತರಿ ಹಬ್ಬದಲ್ಲಿ ದುಡಿ ಬಾರಿಸಿ ಹಾಡಿದವರ ಕಂಠವೇ ಅದರ ಗ್ರಂಥಭಂಡಾರ. ಕೊಡವರಷ್ಟೇ ಅಲ್ಲದೆ ನೆರೆಯ ಹಲವು ಜನವರ್ಗದವರೂ ಅದನ್ನು ಮನೆಮಾತಾಗಿ ಕಾಪಾಡಿದರು.

1994ರಲ್ಲಿ ಆ ನುಡಿಗೆ ಸರ್ಕಾರದ ಸಾಹಿತ್ಯ ಅಕಾಡೆಮಿಯೂ ಲಭಿಸಿತು. ಹೀಗಿದ್ದೂ ಅದನ್ನು ಮಾತೃಭಾಷೆಯೆಂದು ಗಣತಿಯಲ್ಲಿ ಬರೆಸಿದವರು 2001ರಲ್ಲಿ 1,66,187 ಮಂದಿ. 2011ರಲ್ಲಿ 1,13,857 ಮಂದಿ. ಆಶ್ರಯವು ಬಂದ ಕಾಲದಲ್ಲಿಯೇ ಲೆಕ್ಕವು ಇಳಿಮುಖವಾದುದು ವಿಚಾರಮಾಡತಕ್ಕ ವಿಷಯ.

ನಮ್ಮ ಕಿಬ್ಬನಹಳ್ಳಿಯ ತೋಟಗಳಲ್ಲಿ ಸುಳಿ ಕೊಳೆತ ತೆಂಗನ್ನು ಕಾಣದವರಿಲ್ಲ. ಕೆಳಗಿನ ಗರಿಗಳು ಕೆಲಕಾಲ ಹಸುರಾಗಿಯೇ ಇರುತ್ತವೆ, ಗೊನೆಯಲ್ಲಿ ಕಾಯಿಯೂ ಉಳಿದಿರುತ್ತದೆ. ದಾರಿಹೋಕನಿಗೆ ಮರವು ಚೆನ್ನಾಗಿಯೇ ಇದೆಯೆಂದು ತೋರುತ್ತದೆ. ತೋಟಗಾರನು ಮಾತ್ರ ತಲೆಯೆತ್ತಿ ಸುಳಿಯನ್ನು ನೋಡುತ್ತಾನೆ. ಭಾಷೆಗೆ ಗ್ರಂಥಗಳು ಗರಿಗಳಾದರೆ ಮಕ್ಕಳ ಬಾಯಿ ಸುಳಿ. ಇದು ಕೊಡಗಿನವರಿಗೆ ಮಾತ್ರ ಹೇಳುವ ಮಾತಲ್ಲ. ಸಾವಿರಾರು ಶಾಸನಗಳುಳ್ಳ ಕನ್ನಡದ ಗೃಹಸ್ಥರಾದ ನಾವೂ, ಊಟಕ್ಕೆ ಕುಳಿತ ಮಕ್ಕಳು ಯಾವ ನುಡಿಯಲ್ಲಿ ಇನ್ನಷ್ಟು ಅನ್ನ ಕೇಳುತ್ತಾರೆಂಬುದನ್ನು ಈ ದಿನ ಕಿವಿಗೊಟ್ಟು ಆಲಿಸುವುದು ಒಳ್ಳೆಯದು.