ಬೆಟ್ಟದ ಮೇಲಿನ ಬದು

ಹತ್ತು ಗಂಟೆಗೆ ಮುಂಚೆಯೇ ಲಿಫ್ಟಿನ ಮುಂದೆ ಸಾಲು ಬೆಳೆದಿತ್ತು. ಮುಖವೆಲ್ಲ ಮುಚ್ಚುವ ಹೆಲ್ಮೆಟ್, ಮೊಣಕಾಲು ಮೊಣಕೈಗೆ ಪ್ಯಾಡ್, ದಪ್ಪ ಟೈರಿನ ಸೈಕಲ್. ನಿಂತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ನನಗೆ ಅರವತ್ತೊಂದು. ಪಕ್ಕದಲ್ಲಿ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ. ತುರಹಳ್ಳಿ ಕಾಡಿನ ಹಾದಿಗಳಲ್ಲಿ ಸೈಕಲ್ ಓಡಿಸಿ ಪಳಗಿದವನು.

"ಮಾವ, ಸೀದಾ ಎ-ಲೈನ್ ಹಾದಿಗೇ ಹೋಗೋಣ್ವಾ?"

"ಮೊದಲು ಮಣ್ಣು ಹೇಗಿದೆ ನೋಡೋಣ ಕಣೋ. ಎ-ಲೈನ್ ಎಲ್ಲೂ ಓಡಿಹೋಗಲ್ಲ."

ಕೆನಡಾದ ವ್ಯಾಂಕೂವರ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ದೂರದ ಊರು ವಿಸ್ಲರ್. ಚಳಿಗಾಲದಲ್ಲಿ ಇದು ಸ್ಕೀಯಿಂಗ್ ಬೆಟ್ಟ. ಹಿಮ ಕರಗಿದ ಮೇಲೆ ಅದೇ ಲಿಫ್ಟುಗಳು ಸೈಕಲ್ ಹೊತ್ತು ಮೇಲೇರುತ್ತವೆ. 1999ರಲ್ಲಿ ಬೈಕ್ ಪಾರ್ಕ್ ಆಗಿ ಶುರುವಾದ ಈ ಜಾಗಕ್ಕೆ ಇಂದು ಜಗತ್ತಿನ ಮೂಲೆಮೂಲೆಗಳಿಂದ ಸವಾರರು ಬರುತ್ತಾರೆ. 2004ರಿಂದ ನಡೆಯುತ್ತಿರುವ ಕ್ರ್ಯಾಂಕ್‌ವರ್ಕ್ಸ್ ಸೈಕಲ್ ಉತ್ಸವದ ಮೂಲ ನೆಲೆಯೂ ಇದೇ. ಕೆಳಗಿನ ಫಿಟ್ಜ್‌ಸಿಮನ್ಸ್ ಲಿಫ್ಟಿನಲ್ಲಿದ್ದ ನಾಲ್ಕು ಆಸನದ ಹಳೆಯ ಕುರ್ಚಿಗಳನ್ನು 2023ರಲ್ಲಿ ತೆಗೆದು ಎಂಟು ಆಸನದವನ್ನು ಹಾಕಿದ್ದಾರೆ. ಹೀಗಾಗಿ ಸಾಲು ಉದ್ದವಿದ್ದರೂ ಬೇಗ ಕರಗುತ್ತದೆ.

ಮೇಲೇರುವಾಗ ಹುಲ್ಲಿನ ಇಳಿಜಾರಿನಲ್ಲಿ ಒಂದು ಕರಿ ಕರಡಿ ತಲೆ ತಗ್ಗಿಸಿ ಮೇಯುತ್ತಿತ್ತು. ಹುಡುಗ ಉಸಿರು ಬಿಗಿಹಿಡಿದು ನೋಡಿದ. ಇಲ್ಲಿ ಇದು ಅಪರೂಪದ ನೋಟವಲ್ಲ. ಆದರೂ ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತದೆ.

ಹಾದಿಗಳಿಗೆ ಬಣ್ಣದ ಗುರುತುಗಳಿವೆ. ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರಾಕೃತಿ ಕಠಿಣ, ಅಂಥವೇ ಎರಡಿದ್ದರೆ ಅತಿ ಕಠಿಣ. ವಯಸ್ಸಾದ ಸವಾರರಿಗೆ ನಾನು ಹೇಳುವ ಮೊದಲ ಮಾತು: ಎಷ್ಟೇ ಅನುಭವವಿರಲಿ, ದಿನದ ಮೊದಲ ಇಳಿತ ಹಸಿರಿನಲ್ಲೇ ಆಗಲಿ. ಮೈ ಬಿಸಿಯಾಗಬೇಕು ಎಂಬುದೊಂದೇ ಇದಕ್ಕೆ ಕಾರಣವಲ್ಲ. ಈ ದಿನ ಮಣ್ಣು ಯಾವ ಹದದಲ್ಲಿದೆ ಎಂಬುದು ತಿಳಿಯುವುದು ಅಲ್ಲಿಯೇ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಟೈರು ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ವಾರವೆಲ್ಲ ಬಿಸಿಲಿದ್ದರೆ ಮೇಲೆ ಹಿಟ್ಟಿನಂಥ ಧೂಳು, ಕೆಳಗೆ ಕಲ್ಲಿನಂಥ ನೆಲ.

ಹಸಿರು ಮುಗಿಸಿ ಬಿ-ಲೈನ್ ಎಂಬ ಹಾದಿಗೆ ಬಂದೆವು. ಮೂರನೆಯ ತಿರುವಿನ ಬಳಿ ಬದಿಗೆ ಸರಿದು ನಿಂತು ಅವನಿಗೆ ತೋರಿಸಿದೆ. ತಿರುವಿನ ಹೊರಮಗ್ಗುಲಲ್ಲಿ ಎದೆಯೆತ್ತರಕ್ಕೆ ಮಣ್ಣು ಏರಿಸಿ, ಒಳಕ್ಕೆ ಬಾಗುವಂತೆ ಕಟ್ಟಿದ್ದಾರೆ. ಸವಾರರು ಇದನ್ನು ಬರ್ಮ್ ಎನ್ನುತ್ತಾರೆ. ನನ್ನ ಬಾಯಿಗೆ ಬರುವುದು ಬದು ಎಂಬ ಮಾತೇ. ಚಿಕ್ಕಂದಿನಲ್ಲಿ ಅಪ್ಪ ಗದ್ದೆಯ ಬದು ಕಟ್ಟುವಾಗ ಗುದ್ದಲಿಯ ಹಿಂಬದಿಯಿಂದ ತಟ್ಟಿ ತಟ್ಟಿ ನಯಮಾಡುತ್ತಿದ್ದದ್ದು ಇಲ್ಲಿಗೆ ಬಂದಾಗಲೆಲ್ಲ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಬದು ನೀರನ್ನು ಹಿಡಿದು ನಿಲ್ಲಿಸುತ್ತಿತ್ತು, ಇಲ್ಲಿ ವೇಗವನ್ನು ಹಿಡಿದು ತಿರುಗಿಸುತ್ತದೆ. ಈ ಬದುವಿನ ಬುಡದಲ್ಲಿ ಕೈಯಗಲದ ಬಸಿಗಾಲುವೆಯೂ ಇತ್ತು. ಹಾದಿಯುದ್ದಕ್ಕೂ ನೀರು ಹರಿದರೆ ಒಂದೇ ಮಳೆಗೆ ಕೊರಕಲು ಬೀಳುತ್ತದೆ. ಅದಕ್ಕೇ ಅಲ್ಲಲ್ಲಿ ತಗ್ಗು ಮಾಡಿ ನೀರನ್ನು ಪಕ್ಕದ ಕಾಡಿಗೆ ಬಿಟ್ಟಿದ್ದಾರೆ.

ಯೌವನದಲ್ಲಿ ನನಗೆ ಇದೊಂದೂ ಕಂಡಿರಲಿಲ್ಲ, ಕಂಡದ್ದೆಲ್ಲ ಮುಂದಿನ ಜಿಗಿತ ಮಾತ್ರ. ಈಗ ಪ್ರತಿ ತಿರುವಿನಲ್ಲೂ ಅದನ್ನು ಕಟ್ಟಿದವರ ಕೈ ಕಾಣುತ್ತದೆ. ನನ್ನ ವೇಗ ಎಷ್ಟಿರುತ್ತದೆ, ಭಾರ ಯಾವ ಕಡೆ ವಾಲುತ್ತದೆ ಎಂದು ಯಾರೋ ಮೊದಲೇ ಯೋಚಿಸಿ ಮಣ್ಣು ಹೊತ್ತು ಹಾಕಿದ್ದಾರೆ. ಈ ಬೆಟ್ಟದಲ್ಲಿ ಹಾದಿ ಕಟ್ಟಿ ಪಳಗಿದವರೇ ಮುಂದೆ ಗ್ರಾವಿಟಿ ಲಾಜಿಕ್ ಎಂಬ ಸಂಸ್ಥೆ ಮಾಡಿಕೊಂಡು ಬೇರೆ ಬೇರೆ ದೇಶಗಳಲ್ಲಿ ಬೈಕ್ ಪಾರ್ಕ್ ಕಟ್ಟಿದರು.

ತಿರುವಿಗೆ ಸ್ವಲ್ಪ ಮುಂಚೆ ನೆಲದಲ್ಲಿ ಸಾಲು ಸಾಲು ಉಬ್ಬುಗಳು. ಸಾವಿರಾರು ಸವಾರರು ಒಂದೇ ಕಡೆ ಬ್ರೇಕ್ ಹಿಡಿದಾಗ ಚಕ್ರ ಕುಣಿದು ಕುಣಿದು ಎಬ್ಬಿಸಿದವು ಇವು. ಋತು ಮುಂದುವರಿದಂತೆ ಬೆಳೆಯುತ್ತಾ ಹೋಗುತ್ತವೆ. ವಯಸ್ಸಾದವರನ್ನು ದಣಿಸುವುದು ಜಿಗಿತಕ್ಕಿಂತ ಹೆಚ್ಚಾಗಿ ಇವೇ. ಮುಂಗೈ ಕಲ್ಲಾಗುತ್ತದೆ, ಬೆರಳು ಜೋಮು ಹಿಡಿಯುತ್ತವೆ. ನಾನು ಬ್ರೇಕಿಗೆ ಒಂದೇ ಬೆರಳು ಇಡುತ್ತೇನೆ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ ಬದು ಹತ್ತಿದೊಡನೆ ಬ್ರೇಕ್ ಬಿಟ್ಟುಬಿಡುತ್ತೇನೆ. ಬದುವಿನ ಮೇಲೆ ಬ್ರೇಕ್ ಹಿಡಿದರೆ ಮಣ್ಣು ಕಿತ್ತು ಬರುತ್ತದೆ, ಹಿಡಿತವೂ ತಪ್ಪುತ್ತದೆ. ಕಣ್ಣು ಚಕ್ರದ ಮುಂದಲ್ಲ, ತಿರುವು ಮುಗಿಯುವ ಜಾಗದಲ್ಲಿರಬೇಕು. ಇಷ್ಟನ್ನು ಹುಡುಗನಿಗೆ ಹೇಳಿದೆ. ಮುಂದಿನ ಇಳಿತದಲ್ಲಿ ಅವನ ಟೈರಿನ ಕಿರುಚಾಟ ನಿಂತಿತ್ತು.

ಮಧ್ಯಾಹ್ನ ಎ-ಲೈನ್. ಕಪ್ಪು ವಜ್ರದ ಹಾದಿ, ಒಂದರ ಹಿಂದೊಂದು ಜಿಗಿತ. ಬಹುತೇಕ ಜಿಗಿತಗಳು ಮೇಜಿನಂತೆ ನಡುವೆ ಸಪಾಟಾಗಿರುವುದರಿಂದ ಅಳತೆ ತಪ್ಪಿ ಗಿಡ್ಡವಾಗಿ ಇಳಿದರೂ ಹಳ್ಳಕ್ಕೆ ಬೀಳುವುದಿಲ್ಲ. ಕಟ್ಟಿದವರ ದೊಡ್ಡ ಮನಸ್ಸು ಅದು. ನಾನು ಅರ್ಧದಷ್ಟನ್ನು ಹಾರುತ್ತೇನೆ, ಉಳಿದವುಗಳ ಮೇಲೆ ಚಕ್ರ ಉರುಳಿಸಿಕೊಂಡೇ ಹೋಗುತ್ತೇನೆ. ಹಾರಿದ ಕ್ಷಣ ಕೆಳಗಿನ ಸದ್ದೆಲ್ಲ ನಿಂತು, ಇಳಿಜಾರಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಕೂತಾಗ ಆಗುವ ಸಂತೋಷ ನಲವತ್ತರಲ್ಲಿ ಎಷ್ಟಿತ್ತೋ ಇಂದೂ ಅಷ್ಟೇ ಇದೆ.

ಗಾರ್ಬಾಂಜೊ ಲಿಫ್ಟ್ ಇನ್ನೂ ಮೇಲಕ್ಕೆ ಒಯ್ಯುತ್ತದೆ. ಅದಕ್ಕೂ ಮೇಲೆ, ಶಿಖರದ ಬಳಿಯಿಂದ, 2012ರಲ್ಲಿ ತೆರೆದ ಟಾಪ್ ಆಫ್ ದಿ ವರ್ಲ್ಡ್ ಹಾದಿ ಇಳಿಯುತ್ತದೆ. ಅಲ್ಲಿ ಮರಗಳೇ ಇಲ್ಲ, ಬರೀ ಬಂಡೆ ಮತ್ತು ದೂರದ ಹಿಮ. ಅಲ್ಲಿಂದ ಊರಿನವರೆಗೆ ಸುಮಾರು 1,500 ಮೀಟರ್ ಇಳಿತ. ತೋಳಿನಲ್ಲಿ ಶಕ್ತಿ ಇರುವ ಬೆಳಗಿನ ಹೊತ್ತಿಗೇ ಅದು ಸರಿ. ನಾವು ಮರುದಿನಕ್ಕೆ ಇಟ್ಟುಕೊಂಡೆವು.

ಮೂರೂವರೆಗೆ ನಾನು ನಿಲ್ಲಿಸಿದೆ. ಆರು ವರ್ಷದ ಹಿಂದೆ ಬೇರೊಂದು ಪಾರ್ಕಿನಲ್ಲಿ ಕೈ ಸೋತಿದ್ದರೂ ಇನ್ನೊಂದು ಸಲ ಎಂದು ಹೋಗಿ, ಸುಲಭದ ತಿರುವಿನಲ್ಲೇ ಬಿದ್ದು ಕಾಲರ್‌ಬೋನ್ ಮುರಿದುಕೊಂಡಿದ್ದೆ. ಮೂರು ತಿಂಗಳು ಬಲಗೈ ಎತ್ತಲಾಗಲಿಲ್ಲ. ಅಂದಿನಿಂದ ಬೆರಳು ಬ್ರೇಕನ್ನು ತಡವಾಗಿ ಹಿಡಿಯಿತು ಅನ್ನಿಸಿದ ಇಳಿತವೇ ನನಗೆ ಆ ದಿನದ ಕಡೆಯದು.

ಹುಡುಗ ಇನ್ನೂ ನಾಲ್ಕು ಸಲ ಹೋಗಿ ಬಂದ. ಅಷ್ಟರಲ್ಲಿ ಕೆಳಗಿನ ಒಂದು ಜಿಗಿತಕ್ಕೆ ಹಗ್ಗ ಕಟ್ಟಿ ಇಬ್ಬರು ಕೆಲಸಗಾರರು ದುರಸ್ತಿ ಶುರುಮಾಡಿದ್ದರು. ಸೈಕಲ್ ಒರಗಿಸಿ ಅಲ್ಲೇ ನಿಂತೆವು. ಒಬ್ಬಳು ಪೈಪಿನಿಂದ ನೀರು ಚಿಮುಕಿಸಿದಳು. ಇನ್ನೊಬ್ಬ ಸವೆದ ಅಂಚಿಗೆ ಮಣ್ಣು ಹಾಕಿ, ಸಲಿಕೆಯ ಬೆನ್ನಿನಿಂದ ತಟ್ಟಿ, ಬಗ್ಗಿ ಕಣ್ಣಳತೆ ನೋಡಿ, ಮತ್ತೆ ತಟ್ಟಿದ.

"ನಮ್ಮ ತಾತನೂ ಹೀಗೇ ಮಾಡ್ತಿದ್ರಲ್ವಾ ಮಾವ?" ಎಂದ ಹುಡುಗ.

ಆ ಕೆಲಸಗಾರ ನಮ್ಮತ್ತ ನೋಡಿ ತಲೆಯಾಡಿಸಿ ಇನ್ನೊಂದು ಸಲಿಕೆ ಮಣ್ಣು ಎತ್ತಿಕೊಂಡ.