ತೆರಿಗೆ ತೆರುವವರು ಯಾರು?

ಮುಂಜಾನೆಯ ನಡಿಗೆ ಮುಗಿಸಿ ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚುಗಳ ಮೇಲೆ ಕುಳಿತು ದಣಿವಾರಿಸಿಕೊಳ್ಳುವ ಹಿರಿಯರ ಸಂಭಾಷಣೆಯಲ್ಲಿ, ಆಯವ್ಯಯ ಪತ್ರ ಮಂಡನೆಯಾದ ಮರುದಿನವಂತೂ ತಪ್ಪದೆ, ಉಳಿದ ದಿನಗಳಲ್ಲಿಯೂ ಪತ್ರಿಕೆಯ ಯಾವುದಾದರೊಂದು ಸುದ್ದಿಯನ್ನು ನೆಪವಾಗಿಟ್ಟುಕೊಂಡು, ಪುನಃ ಪುನಃ ಕೇಳಿಬರುವ ಮಾತೊಂದುಂಟು: ‘ಟ್ಯಾಕ್ಸ್ ಕಟ್ಟುವವರು ನಾವು, ಬಿಟ್ಟಿ ಭಾಗ್ಯ ಉಣ್ಣುವವರು ಅವರು.’ ಈ ಮಾತನ್ನಾಡುವವರು ಕಠಿಣಹೃದಯರಲ್ಲ. ಮೂವತ್ತು ಮೂವತ್ತೈದು ವರ್ಷ ಪ್ರಾಮಾಣಿಕವಾಗಿ ದುಡಿದು, ಸಂಬಳ ಕೈಸೇರುವ ಮೊದಲೇ ಟಿಡಿಎಸ್ ಎಂಬ ಹೆಸರಿನಲ್ಲಿ ಅದರ ಒಂದು ಪಾಲು ಕಡಿತವಾಗುವುದನ್ನು ತಿಂಗಳು ತಿಂಗಳೂ ಕಂಡವರು. ಅವರ ನೋವು ನಿಜ. ಆದರೆ ಆ ನೋವಿಗೆ ಅವರು ಕೊಡುವ ಕಾರಣ ನಿಜವಲ್ಲ, ಮತ್ತು ಅವರ ಬೆರಳು ತೋರುವ ದಿಕ್ಕು ಕೇವಲ ತಪ್ಪಲ್ಲ, ವಿಪರೀತವೇ ಆದದ್ದು ಎಂಬುದನ್ನು ನಿರೂಪಿಸುವುದಕ್ಕೆ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ.

ಅದೇ ಉದ್ಯಾನದಲ್ಲಿ ಕಸ ಗುಡಿಸುವ ಹೆಂಗಸು ಮೊನ್ನೆ ನನ್ನ ಕಣ್ಣೆದುರಿಗೇ ಗೂಡಂಗಡಿಯವನ ಕೈಗೆ 299 ರೂಪಾಯಿ ಕೊಟ್ಟು ತನ್ನ ಫೋನಿಗೆ ರೀಚಾರ್ಜ್ ಮಾಡಿಸಿಕೊಂಡಳು. ಆ ಹಣದಲ್ಲಿ ಮಾತಿನ ಬೆಲೆ 253 ರೂಪಾಯಿ 39 ಪೈಸೆ. ಉಳಿದ 45 ರೂಪಾಯಿ 61 ಪೈಸೆ ಶೇಕಡಾ 18ರ ಜಿಎಸ್‌ಟಿ. ಬೆಂಚಿನ ಮೇಲೆ ಕುಳಿತವರು ಅದೇ ರೀಚಾರ್ಜಿಗೆ ತೆರುವುದೂ ಅಷ್ಟೇ, ಒಂದು ಪೈಸೆಯೂ ಹೆಚ್ಚಲ್ಲ. ವ್ಯತ್ಯಾಸವೆಂದರೆ, ಅವರ ಮಾಸಿಕ ವರಮಾನದಲ್ಲಿ ಅದು ಲೆಕ್ಕಕ್ಕೆ ಬಾರದ ಅಂಶ, ಆಕೆಯ ಪಾಲಿಗೆ ಒಂದು ಹೊತ್ತಿನ ಅಡುಗೆಯ ಎಣ್ಣೆ ಬೇಳೆ. ಮೈಗೆ ಹಚ್ಚುವ ಸಾಬೂನಿನ ಮೇಲೂ 2025ರ ಸೆಪ್ಟೆಂಬರ್ 22ರಂದು ದರ ಶೇಕಡಾ 5ಕ್ಕೆ ಇಳಿಯುವವರೆಗೆ 18 ಇತ್ತು. ಜಿಎಸ್‌ಟಿಯ ಹೊರಗೇ ಉಳಿದಿರುವ ಡೀಸೆಲ್ಲಿನ ಮೇಲಣ ಮಾರಾಟ ತೆರಿಗೆಯನ್ನು ನಮ್ಮ ರಾಜ್ಯವು 2025ರ ಏಪ್ರಿಲ್‌ನಲ್ಲಿ ಶೇಕಡಾ 21.17ಕ್ಕೆ ಏರಿಸಿತಷ್ಟೆ, ಆ ತೆರಿಗೆ ಲಾರಿಯನ್ನೇರಿ, ಕೋಲಾರದ ಟೊಮ್ಯಾಟೊದೊಡನೆ ಪ್ರಯಾಣ ಮಾಡಿ, ಯಾವ ರಸೀತಿಯಲ್ಲಿಯೂ ಕಾಣಿಸಿಕೊಳ್ಳದೆ, ಸಂತೆಯಲ್ಲಿ ಕಾಲು ಕಿಲೋ ಕೊಳ್ಳುವವಳ ಸೆರಗಿನ ಗಂಟನ್ನು ಮುಟ್ಟುತ್ತದೆ. ಕಾಣದ ತೆರಿಗೆಯನ್ನು ಇಲ್ಲದ ತೆರಿಗೆಯೆಂದು ಭಾವಿಸುವುದೇ ಈ ಭ್ರಾಂತಿಯ ಮೂಲ.

ಇದು ನಮ್ಮ ಹಿರಿಯರಿಗೆ ತಿಳಿಯದ ವಿಷಯವಾಗಿರಲಿಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಸಾವಿರಾರು ಜನ ಕೂಡಿ ಉಪ್ಪು ತೆಗೆದದ್ದು ಕೇವಲ ಸಾಂಕೇತಿಕ ಕ್ರಿಯೆಯಾಗಿರಲಿಲ್ಲ. ಸಿರಿವಂತನೂ ಕೂಲಿಯವನೂ ಸಮನಾಗಿ ತಿನ್ನುವ ಪದಾರ್ಥದ ಮೇಲೆ ಸಮನಾಗಿ ಹೇರಿದ ತೆರಿಗೆ ಸಮಾನವಾದ ತೆರಿಗೆಯಲ್ಲವೆಂಬ ಅರ್ಥಶಾಸ್ತ್ರೀಯ ಸತ್ಯವನ್ನು ಆ ಜನ ಬೆವರು ಉಪ್ಪುಗಳ ಮೂಲಕ ಅರಿತಿದ್ದರು.

ಆದಾಯ ತೆರಿಗೆಯ ವಿವರಪಟ್ಟಿ ಸಲ್ಲಿಸುವವರು ಈ ದೇಶದಲ್ಲಿ ಕೆಲವೇ ಕೋಟಿ ಜನ ಎಂಬುದು ನಿಜ. 2024ರ ಜುಲೈ ಅಂತ್ಯದ ಗಡುವಿನೊಳಗೆ ಬಂದವು 7.28 ಕೋಟಿ. ಆದರೆ ವಿವರಪಟ್ಟಿ ಸಲ್ಲಿಸುವುದೂ ತೆರಿಗೆ ತೆರುವುದೂ ಒಂದೇ ಅಲ್ಲ. ಕೇಂದ್ರ ಸರ್ಕಾರದ 2025-26ರ ಆಯವ್ಯಯ ಪತ್ರದ ಅಂದಾಜಿನಂತೆ, ಬೊಕ್ಕಸಕ್ಕೆ ಬರುವ ಪ್ರತಿಯೊಂದು ರೂಪಾಯಿಯಲ್ಲಿ ಜಿಎಸ್‌ಟಿಯಿಂದ 18 ಪೈಸೆ, ಅಬಕಾರಿ ಸುಂಕದಿಂದ 5, ಆಮದು ಸುಂಕದಿಂದ 4; ಒಟ್ಟು 27 ಪೈಸೆ. ಇದು ಎಲ್ಲರೂ ತೆರುವುದು. ವ್ಯಕ್ತಿಗಳ ಆದಾಯ ತೆರಿಗೆಯಿಂದ 22 ಪೈಸೆ. ಕಂಪನಿಗಳು ತಮ್ಮ ಲಾಭದ ಮೇಲೆ ತೆರುವುದರಿಂದ 17 ಪೈಸೆ. ಉದ್ಯಾನದ ನನ್ನ ಮಿತ್ರರು ದಯಮಾಡಿ ಕೊನೆಯ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 2019ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಗಳನ್ನು ತೊರೆಯುವ ಕಂಪನಿಗಳ ತೆರಿಗೆಯ ಮೂಲ ದರ ಶೇಕಡಾ 22ಕ್ಕೂ, ಹೊಸ ಉತ್ಪಾದನಾ ಕಂಪನಿಗಳದು 15ಕ್ಕೂ ಇಳಿಯಿತು. 24 ಲಕ್ಷ ಮೀರಿದ ಸಂಬಳದ ಮೇಲೆ ಇಂದು 30. ವರ್ಷ ಮೀರಿ ಇಟ್ಟುಕೊಂಡು ಮಾರಿದ ಷೇರಿನ ಲಾಭದ ಮೇಲೆ, ಅದರಲ್ಲಿಯೂ ಮೊದಲ ಒಂದೂಕಾಲು ಲಕ್ಷವನ್ನು ಬಿಟ್ಟು, ಹನ್ನೆರಡೂವರೆ. ಮಾರದೆ ಇಟ್ಟುಕೊಂಡರೆ, ಅದು ನೂರು ಕೋಟಿಯಿಂದ ಸಾವಿರ ಕೋಟಿಗೆ ಬೆಳೆದರೂ, ಏನೂ ಇಲ್ಲ. ಸಂಬಳಗಾರನ ಹೆಗಲಿನ ಭಾರ ನಿಜವಾಗಿಯೂ ಹೆಚ್ಚಾಗಿದೆ. ಹಾಗೆ ಹೆಚ್ಚಿಸಿದವಳು ಕಸ ಗುಡಿಸುವವಳಲ್ಲ.

ಮತ್ತೊಂದು ಭ್ರಾಂತಿ ಅಷ್ಟು ಗಹನವಾದದ್ದಲ್ಲವಾದರೂ ಬಹಳ ಮಂದಿಯನ್ನು ಕಾಡುತ್ತದೆ. ನನ್ನ ಪರಿಚಯದ ಶಿಕ್ಷಕರೊಬ್ಬರು ಸಂಬಳ ಏರಿದರೆ ಮೇಲಿನ ಸ್ಲ್ಯಾಬಿಗೆ ಹೋಗಿ ಇಡೀ ವರಮಾನಕ್ಕೆ ಹೆಚ್ಚಿನ ದರ ಬಿದ್ದೀತೆಂದು ಅಂಜಿ, ಬರಬೇಕಾದ ಬಾಕಿ ಹಣವನ್ನು ಮುಂದಿನ ವರ್ಷಕ್ಕೆ ತಳ್ಳಿಸಲು ಓಡಾಡುತ್ತಿದ್ದರು. ಮೇಲಿನ ದರ ಬೀಳುವುದು ಆ ಮೆಟ್ಟಿಲನ್ನು ಮೀರಿದ ಹಣಕ್ಕೆ ಮಾತ್ರ. ರಿಯಾಯಿತಿಯ ಎಲ್ಲೆಯಾದ 12 ಲಕ್ಷವನ್ನು ದಾಟಿ 12 ಲಕ್ಷ 10 ಸಾವಿರ ವರಮಾನವಾದವನಿಗೂ, ಹೊಸ ಪದ್ಧತಿಯ ಲೆಕ್ಕದಂತೆ 61,500 ರೂಪಾಯಿ ಬರಬೇಕಾದ ತೆರಿಗೆಯನ್ನು, ಮೀರಿದ 10 ಸಾವಿರಕ್ಕಿಂತ ಹೆಚ್ಚಾಗದಂತೆ ಕಾನೂನೇ ತಡೆದು ನಿಲ್ಲಿಸುತ್ತದೆ. ಸೆಸ್ಸಿನ ನಾಲ್ಕು ನೂರು ಬೇರೆ.

ಇನ್ನು ಸಂಪತ್ತಿನ ವಿಚಾರ. ಇಲ್ಲಿ ಎರಡು ಪಕ್ಷದವರೂ ಒಂದೊಂದು ಭ್ರಾಂತಿಯನ್ನು ಪೋಷಿಸಿಕೊಂಡು ಬಂದಿದ್ದಾರೆ. ದರವನ್ನು ಎಷ್ಟು ಎತ್ತರಕ್ಕೇರಿಸಿದರೆ ನ್ಯಾಯ ಅಷ್ಟು ಹೆಚ್ಚುತ್ತದೆಂಬುದು ಒಂದು. ಸಂಪತ್ತಿಗೆ ತೆರಿಗೆ ಹಾಕಿ ನೋಡಿದ್ದಾಯಿತು, ಸೋತದ್ದಾಯಿತು ಎಂಬುದು ಇನ್ನೊಂದು. 1973-74ರಲ್ಲಿ ಈ ದೇಶದ ಆದಾಯ ತೆರಿಗೆಯ ಪರಮಾವಧಿ ದರ ಸರ್ಚಾರ್ಜ್ ಕೂಡಿ ಶೇಕಡಾ 97.75 ಆಗಿತ್ತು, ಮೇಲಣ ಸ್ತರದ ನೂರು ರೂಪಾಯಿಯಲ್ಲಿ ದುಡಿದವನಿಗೆ ಉಳಿಯುತ್ತಿದ್ದುದು ಎರಡೂ ಕಾಲು ರೂಪಾಯಿ. ಅದನ್ನು ನಿಜವಾಗಿ ತೆತ್ತವರು ವಿರಳ. ಲೆಕ್ಕದ ಹೊರಗೆ ಹಣ ಬಚ್ಚಿಡಲು ಇಷ್ಟು ಎತ್ತರದ ದರ ಬಲವಾದ ಪ್ರೇರಣೆಯಾಗಿದೆಯೆಂದು, ದರವನ್ನು 75ಕ್ಕೆ ಇಳಿಸಬೇಕೆಂದು, ನೇರ ತೆರಿಗೆಗಳ ವಿಚಾರಣೆಗೆ ಸರ್ಕಾರ ನೇಮಿಸಿದ್ದ ವಾಂಛೂ ಸಮಿತಿ 1971ರಲ್ಲಿಯೇ ಹೇಳಿತ್ತು. ಅದಕ್ಕೂ ಹದಿನೈದು ವರ್ಷ ಮೊದಲು, 1956ರಲ್ಲಿ, ಸರ್ಕಾರದ ಆಹ್ವಾನದ ಮೇರೆಗೆ ಕೇಂಬ್ರಿಡ್ಜಿನಿಂದ ಬಂದ ನಿಕೋಲಸ್ ಕಾಲ್ಡರ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕಿಂತ ವಿವೇಕಯುತವಾದ ಮಾರ್ಗವನ್ನು ತೋರಿಸಿಕೊಟ್ಟಿದ್ದ. ಆದಾಯ ತೆರಿಗೆಯ ಪರಮಾವಧಿಯನ್ನು ಶೇಕಡಾ 45ಕ್ಕೆ ತಗ್ಗಿಸಿ. ಅದರೊಡನೆ ಬಂಡವಾಳ ಲಾಭ, ಸಂಪತ್ತು, ವೆಚ್ಚ, ದಾನ, ಈ ನಾಲ್ಕರ ಮೇಲೂ ಮಿತವಾದ ತೆರಿಗೆಯಿಡಿ. ಒಂದರಲ್ಲಿ ಮರೆಮಾಚಿದ್ದು ಮತ್ತೊಂದರಲ್ಲಿ ತಾನಾಗಿ ಬಯಲಾಗುವಂತೆ ಐದನ್ನೂ ಒಂದೇ ವಿವರಪಟ್ಟಿಯಲ್ಲಿ ಹೆಣೆಯಿರಿ, ಎಂಬುದು ಅವನ ಸಲಹೆಯ ಸಾರ. ಸರ್ಕಾರ ಆ ತೆರಿಗೆಗಳನ್ನು 1957-58ರಲ್ಲಿ ಸಡಿಲ ರೂಪದಲ್ಲಿ ತಂದಿತು, ಹೆಣಿಗೆಯನ್ನು ಕೈಬಿಟ್ಟಿತು, 45ಕ್ಕೆ ಇಳಿಸುವ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಐದು ಎಳೆಯ ಬಲೆಯಲ್ಲಿ ಎಳೆಗಳನ್ನು ಬಿಡಿಸಿಟ್ಟು, ಮೀನು ಬೀಳಲಿಲ್ಲವೆಂದು ಬಲೆಯನ್ನೇ ದೂರುವುದು ನ್ಯಾಯವೆ?

ಆ ಎಳೆಗಳು ಒಂದೊಂದಾಗಿ ಕಳಚಿದ ಕ್ರಮವನ್ನು ಗಮನಿಸಬೇಕು. ವೆಚ್ಚದ ತೆರಿಗೆ ಒಂದು ದಶಕ ತುಂಬುವ ಮೊದಲೇ ಹೋಯಿತು. ಆ ಐದಕ್ಕೆ ಸೇರದಿದ್ದರೂ ಸಂಪತ್ತನ್ನೇ ಮುಟ್ಟುತ್ತಿದ್ದ, ಮೃತರ ಆಸ್ತಿಯ ಮೇಲೆ 1953ರಿಂದ ಇದ್ದ ಎಸ್ಟೇಟ್ ಸುಂಕವನ್ನು 1985ರಲ್ಲಿ ಅರ್ಥಸಚಿವ ವಿ. ಪಿ. ಸಿಂಗ್ ರದ್ದುಗೊಳಿಸಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಅದರ ಹುಟ್ಟುವಳಿ ಸುಮಾರು 20 ಕೋಟಿ ಮಾತ್ರವೆಂಬುದು. ಮತ್ತೊಂದು, ಬದುಕಿದ್ದಾಗ ಅದೇ ಸ್ವತ್ತಿನ ಮೇಲೆ ಸಂಪತ್ತಿನ ತೆರಿಗೆ ಇದ್ದೇ ಇರುವಾಗ ಸತ್ತ ಮೇಲೆ ಇನ್ನೊಂದು ಕಾನೂನೇಕೆ ಎಂಬುದು. ಆಗ ಆಸರೆಯಾಗಿ ತೋರಿಸಿದ ಆ ಸಂಪತ್ತಿನ ತೆರಿಗೆಯಿಂದ 1993ರ ಏಪ್ರಿಲ್‌ನಿಂದ ಷೇರುಗಳನ್ನು ಹೊರಗಿಡಲಾಯಿತು. ಉಳಿದದ್ದು ಆಭರಣ, ಕಾರು, ವಿಹಾರನೌಕೆ, ಹೆಚ್ಚುವರಿ ಮನೆ, ನಗರದ ಖಾಲಿ ನಿವೇಶನ. ಆಧುನಿಕ ಶ್ರೀಮಂತರ ಸಂಪತ್ತು ಇರುವುದೇ ಷೇರುಗಳಲ್ಲಿ. ಅದನ್ನು ಬಿಟ್ಟು ಒಡವೆ ಪೆಟ್ಟಿಗೆಯನ್ನು ತೂಗುತ್ತ ಕುಳಿತ ಆ ಕಾನೂನು 2013-14ರಲ್ಲಿ ಇಡೀ ದೇಶದಿಂದ ಕೂಡಿಸಿದ್ದು 1,008 ಕೋಟಿ. ಇಷ್ಟು ಕಡಿಮೆ ಬರುತ್ತದೆಂಬ ಕಾರಣದಿಂದಲೇ 2015ರ ಆಯವ್ಯಯದಲ್ಲಿ ಅದನ್ನು ತೆಗೆದು, ಪ್ರತಿಯಾಗಿ ಒಂದು ಕೋಟಿ ಮೀರಿದ ವರಮಾನದವರ ಮೇಲೆ ಶೇಕಡಾ 2ರ ಹೆಚ್ಚುವರಿ ಸರ್ಚಾರ್ಜ್ ವಿಧಿಸಿದರು. ಅದು ಪುನಃ ವರಮಾನದ ಮೇಲಣ ತೆರಿಗೆ. ವರಮಾನವೆಂದು ಕಾಣಿಸಿಕೊಳ್ಳದೆ ಬೆಳೆಯುವ ಸಂಪತ್ತನ್ನು ಅದು ಮುಟ್ಟುವುದಿಲ್ಲ.

ಪಿತ್ರಾರ್ಜಿತದ ಮೇಲೆ ತೆರಿಗೆಯೆಂದೊಡನೆ ಅದು ಸಮತಾವಾದಿಗಳ ದೇಶಗಳಲ್ಲಿ ಮಾತ್ರ ಉಂಟಾದ ಪದ್ಧತಿಯೆಂದು ತಿಳಿದವರು ಜಪಾನಿನ ಪರಮಾವಧಿ ದರ ಶೇಕಡಾ 55, ದಕ್ಷಿಣ ಕೊರಿಯದ್ದು 50, ಬ್ರಿಟನ್ನು ಮತ್ತು ಅಮೆರಿಕಗಳದು 40 ಎಂಬುದನ್ನು ಅರಿಯಬೇಕು. ಬಂಡವಾಳದ ತವರುಗಳೇ ಅವು. ಸ್ವಿಟ್ಜರ್‌ಲೆಂಡಿನ ಪ್ರತಿಯೊಂದು ಪ್ರಾಂತ್ಯವೂ ಇಂದಿಗೂ ಸಂಪತ್ತಿನ ಮೇಲೆ ವಾರ್ಷಿಕ ತೆರಿಗೆ ಎತ್ತುತ್ತದೆ.

ಇಂತಹ ತೆರಿಗೆಯೂ ಸರ್ಕಾರದ ನಿಯಂತ್ರಣವೂ ಮಾರುಕಟ್ಟೆಯ ಶತ್ರುಗಳೆಂದು ವಾದಿಸುವವರು ಸಾಮಾನ್ಯವಾಗಿ ಆಡಂ ಸ್ಮಿತ್ತನ ಹೆಸರನ್ನು ಮುಂದಿಡುತ್ತಾರೆ. 1776ರ ಅವನ ಗ್ರಂಥವನ್ನು ತೆರೆದು ನೋಡುವ ಶ್ರಮ ತೆಗೆದುಕೊಂಡವರಿಗೆ ಬೇರೆಯೇ ವ್ಯಕ್ತಿಯ ದರ್ಶನವಾಗುತ್ತದೆ. ಧನಿಕರು ತಮ್ಮ ವರಮಾನದ ಪ್ರಮಾಣಕ್ಕಿಂತಲೂ ಒಂದಿಷ್ಟು ಹೆಚ್ಚಾಗಿಯೇ ಸಾರ್ವಜನಿಕ ವೆಚ್ಚಕ್ಕೆ ಕೊಡುವುದರಲ್ಲಿ ಅನುಚಿತವೇನಿಲ್ಲವೆಂದವನು ಅವನು. 1772ರಲ್ಲಿ ಸ್ಕಾಟ್ಲೆಂಡಿನ ಏರ್ ಬ್ಯಾಂಕು ಕುಸಿದುಬಿದ್ದುದನ್ನು ಕಂಡಿದ್ದ ಅವನು, ಬ್ಯಾಂಕುಗಳ ಸ್ವಾತಂತ್ರ್ಯಕ್ಕೆ ಹಾಕುವ ಕಡಿವಾಣವನ್ನು, ಬೆಂಕಿ ಹಬ್ಬದಂತೆ ಮನೆಮನೆಗಳ ನಡುವೆ ಗೋಡೆಯೆಬ್ಬಿಸಬೇಕೆಂಬ ನಿಯಮಕ್ಕೆ ಹೋಲಿಸಿದ. ಆ ಗ್ರಂಥ ಪ್ರಕಟವಾದ ಎರಡು ವರ್ಷಗಳ ತರುವಾಯ ಎಡಿನ್‌ಬರೋದಲ್ಲಿ ಸುಂಕದ ಕಮಿಷನರ್ ಆಗಿ ಅಧಿಕಾರ ವಹಿಸಿಕೊಂಡು, ಬದುಕಿನ ಕೊನೆಯವರೆಗೂ ಆ ಕೆಲಸದಲ್ಲಿದ್ದ.

ನಮ್ಮಲ್ಲಿಯೇ ನಿದರ್ಶನ ಬೇಕೆಂದರೆ ಷೇರುಪೇಟೆಯಿದೆ. ಕಾಗದದ ಷೇರುಪತ್ರಗಳಿದ್ದ ಕಾಲದಲ್ಲಿ ಅವು ಅಂಚೆಯಲ್ಲಿ ಕಳೆಯುತ್ತಿದ್ದವು, ನಕಲಿಯಾಗುತ್ತಿದ್ದವು, ಸಹಿ ಹೊಂದಲಿಲ್ಲವೆಂದು ತಿಂಗಳುಗಟ್ಟಲೆಯ ಮೇಲೆ ಹಿಂದಿರುಗುತ್ತಿದ್ದವು. 1996ರ ಡಿಪಾಸಿಟರಿ ಕಾನೂನು ಮತ್ತು ಸೆಬಿಯ ಕಟ್ಟುಪಾಡುಗಳು ಅವನ್ನು ಡಿಮ್ಯಾಟ್ ಲೆಕ್ಕಕ್ಕೆ ತಂದ ಮೇಲೆಯೇ ಹಾಸನದ ಗುಮಾಸ್ತನೂ ಗದಗಿನ ವ್ಯಾಪಾರಿಯೂ ಮುಂಬಯಿಯ ದಲ್ಲಾಳಿಯನ್ನು ನಂಬಿ ಕೂರದೆ ಷೇರು ಕೊಳ್ಳಲು ಸಾಧ್ಯವಾದದ್ದು. ಇಲ್ಲಿ ನಿಯಂತ್ರಣವು ಮಾರುಕಟ್ಟೆಯನ್ನು ಕುಗ್ಗಿಸಲಿಲ್ಲ, ಹಿಗ್ಗಿಸಿತು.

ಕೊನೆಯದಾಗಿ, ಸಂಪತ್ತನ್ನು ಅಳೆಯುವುದೇ ಅಸಾಧ್ಯ, ಮುಟ್ಟಲು ಹೋದರೆ ಓಡಿಹೋಗುತ್ತದೆ ಎಂಬ ಮಾತು. ಹಣ ಗಡಿ ದಾಟಬಲ್ಲುದು, ನಿಜ; ಬೆಂಗಳೂರಿನ ನೆಲ ದಾಟಲಾರದು. ಕಾಲ್ಡರನ ಕಾಲದಲ್ಲಿ ಅಧಿಕಾರಿಯೊಬ್ಬ ಯಾರ ಸ್ವತ್ತು ಎಲ್ಲಿದೆಯೆಂದು ತಿಳಿಯಬೇಕಾದರೆ ಶಾನುಭೋಗರ ಖಿರ್ದಿಯನ್ನೂ ಕಂಪನಿಯ ಷೇರುದಾರರ ಪುಸ್ತಕವನ್ನೂ ಊರೂರಿಗೆ ಹೋಗಿ ತಿರುವಬೇಕಾಗಿತ್ತು. ಇಂದು ನಮ್ಮ ರಾಜ್ಯದ ಪಹಣಿಗಳು ಈ ಶತಮಾನದ ಮೊದಲ ವರ್ಷಗಳಿಂದಲೇ ಭೂಮಿ ಯೋಜನೆಯ ಗಣಕಯಂತ್ರದಲ್ಲಿವೆ. ದೇಶದ ಡಿಮ್ಯಾಟ್ ಷೇರುಗಳೆಲ್ಲ ಎರಡು ಡಿಪಾಸಿಟರಿಗಳ ಲೆಕ್ಕದಲ್ಲಿ, ಒಡೆಯನ ಪ್ಯಾನ್ ಸಂಖ್ಯೆಯ ಸಮೇತ ದಾಖಲಾಗಿವೆ. ವಹಿವಾಟಿನ ದಿನದಿನವೂ ಪೇಟೆ ಮುಚ್ಚುವಾಗ ಅಲ್ಲಿ ಮಾರಾಟವಾಗುವ ಒಂದೊಂದರ ಬೆಲೆ ರೂಪಾಯಿ ಪೈಸೆಗಳಲ್ಲಿ ನಿಶ್ಚಯವಾಗುತ್ತದೆ. ಕಾಲ್ಡರ್ ಬಯಸಿ ಕಾಣದೆ ಹೋದ ಪಟ್ಟಿ ಪ್ರತಿ ಸಂಜೆಯೂ ಸಿದ್ಧವಿರುತ್ತದೆ; ಅದನ್ನು ತೆರೆದು ಲೆಕ್ಕ ಹಾಕುವ ಕಾನೂನು ಷೇರುಗಳ ಮಟ್ಟಿಗೆ 1993ರಿಂದ ಇಲ್ಲ, ಮಿಕ್ಕ ಸ್ವತ್ತಿನ ಮಟ್ಟಿಗೆ, ಪುರಸಭೆ ಪಂಚಾಯಿತಿಗಳ ಮನೆ ಕಂದಾಯವೊಂದನ್ನು ಬಿಟ್ಟರೆ, 2016ರ ಏಪ್ರಿಲ್ 1ರಿಂದ ಇಲ್ಲ.