ಮುಚ್ಚಿಟ್ಟರೆ ವಾಸಿಯಾಗದು

ಮಗನಿಗೆ ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಓಡುತ್ತೀರಿ. ಅದೇ ಮಗ ವಾರಗಟ್ಟಲೆ ನಿದ್ದೆಗೆಟ್ಟು ಮಂಕಾಗಿ ಕುಳಿತರೆ, ಇಲ್ಲವೇ ಅಮಲಿಗೆ ಬಿದ್ದರೆ? ‘ಮಗಳ ಸಂಬಂಧಕ್ಕೆ ಅಡ್ಡಿಯಾದೀತು’ ಎಂದು ಮುಚ್ಚಿಡುತ್ತೀರಿ. ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಅಮಲಿನ ಚಟ ಬರೀ ಕೆಟ್ಟ ನಡತೆಯಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. ಬೈಗುಳದಿಂದಾಗಲಿ ಆಣೆ ಹಾಕಿಸುವುದರಿಂದಾಗಲಿ ಅದು ಬಿಡದು. ದಿನವೂ ವಿಪರೀತ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು.

ಮೊದಲು ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಯ ಸಹಾಯವಾಣಿ 14446. ರೋಗಿ ಒಪ್ಪದಿದ್ದರೆ ತಾಯಿಯೋ ಹೆಂಡತಿಯೋ ತಾವೇ ಸಲಹೆ ಕೇಳಬಹುದು. ನಂತರ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ.

ಸುದ್ದಿ ಹೊರಬಿದ್ದೀತೆಂಬ ಭಯವೇ? 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಸರಕಾರಿ ಚಿಕಿತ್ಸೆಯೂ ಗೌಪ್ಯತೆಯೂ ರೋಗಿಯ ಹಕ್ಕು.

ಚಿಕಿತ್ಸೆ ಶುರುವಾದ ಮೇಲೆ ಮಧ್ಯದಲ್ಲಿ ಬಿಡಬೇಡಿ. ರಮಝಾನ್‌ನಲ್ಲಿ ಮಾತ್ರೆಯ ಹೊತ್ತು ಬದಲಿಸಬೇಕಿದ್ದರೆ ಮುಂಚಿತವಾಗಿಯೇ ವೈದ್ಯರನ್ನು ಕೇಳಿ. ಗುಣವಾಗಲೆಂದು ದುಆ ಮಾಡಿ. ಜೊತೆಗೆ ಕೈಹಿಡಿದು ಆಸ್ಪತ್ರೆಗೂ ಕರೆದೊಯ್ಯಿರಿ.